ಮೈಸೂರಿನಲ್ಲಿ ದಶಾವತಾರದ ಎಲೆಗಳು

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬೆಳಗಿನ ರೈಲು. ಪಕ್ಕದಲ್ಲಿ ಅಣ್ಣನ ಮಗ, ಪಿಯುಸಿ ಓದುವ ಹುಡುಗ. ಲ್ಯಾಪ್‌ಟಾಪ್ ತೆರೆದು ‘ರಾಜಿ’ ಆಡುತ್ತಿದ್ದ. ಪುಣೆಯ ನೋಡಿಂಗ್ ಹೆಡ್ಸ್ ಎಂಬ ಕಂಪನಿ 2020ರಲ್ಲಿ ತಂದ ಆಟ ಅದು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ರಾಜಿ ಅನ್ನೋ ಹುಡುಗಿ ಹೊರಡುತ್ತಾಳೆ. ದುರ್ಗೆ ತ್ರಿಶೂಲ ಕೊಡುತ್ತಾಳೆ, ವಿಷ್ಣು ಬಿಲ್ಲು ಕೊಡುತ್ತಾನೆ. ದೇವರಿಬ್ಬರೂ ಅವಳನ್ನು ನೋಡುತ್ತಾ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ.

ಎದುರು ಸೀಟಿನ ಹಿರಿಯರು ತುಂಬಾ ಹೊತ್ತು ನೋಡಿದರು. ಮದ್ದೂರು ದಾಟಿದ ಮೇಲೆ ಕೇಳಿಯೇ ಬಿಟ್ಟರು. ‘ದೇವರನ್ನ ಹೀಗೆ ಆಟಕ್ಕೆ ತರಬಹುದೇನಮ್ಮಾ?’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಳವಳ ಇತ್ತು. ಈ ಪ್ರಶ್ನೆ ಮೊದಲೂ ಎದ್ದಿದೆ. 2009ರಲ್ಲಿ ಪ್ಲೇಸ್ಟೇಷನ್‌ಗೆ ಹನುಮಂತನ ಆಟವೊಂದು ಬಂತು, ನಮ್ಮ ದೇಶದಲ್ಲೇ ತಯಾರಾದದ್ದು. ಪೂಜಿಸುವ ಹನುಮನನ್ನು ಆಡುವವರು ಗುಂಡಿ ಒತ್ತಿ ಕುಣಿಸೋದು ಸರಿಯಲ್ಲ ಎಂದು ಆಗ ಆಕ್ಷೇಪ ಎದ್ದಿತ್ತು. ನನ್ನ ಉತ್ತರ ಇರುವುದು ಮೈಸೂರಿನಲ್ಲಿ. ಹುಡುಗನನ್ನು ಕರೆದುಕೊಂಡು ಹೊರಟಿದ್ದೇ ಅದನ್ನು ತೋರಿಸೋಕೆ.

ಮೊದಲು ಜಗನ್ಮೋಹನ ಅರಮನೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನ ಬಂದು ಉಳಿದದ್ದೂ ಇಲ್ಲೇ. ಜಾಸ್ತಿ ಜನ ಇಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ ಹೊರಡುತ್ತಾರೆ. ನಾವು ಗಂಜೀಫಾ ಎಂಬ ಹಳೆಯ ಇಸ್ಪೀಟಿನ ಎಲೆಗಳ ಮುಂದೆ ನಿಂತೆವು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಅಷ್ಟರಲ್ಲೇ ದೇವರು, ಪೀಠ, ಕಿರೀಟ, ಸುತ್ತ ಬಳ್ಳಿ.

ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದ ಆಟ. ಸಿಂಧ್‌ನಲ್ಲಿದ್ದ ಗೆಳೆಯನಿಗೆ ಗಂಜೀಫಾ ಕಳಿಸಿದ್ದನ್ನು ಬಾಬರ್ 1527ರಲ್ಲಿ ಬರೆದಿಟ್ಟಿದ್ದಾನೆ. ಮೊಗಲರ ಆಟದಲ್ಲಿ 96 ಎಲೆ, 8 ಗುಂಪು. ಅದರಲ್ಲಿ ನಾಣ್ಯ, ಕಿರೀಟ, ಕತ್ತಿ, ಇಂಥ ದರ್ಬಾರಿನ ಗುರುತುಗಳು. ನಮ್ಮ ಜನ ಅದೇ ಆಟ ತೆಗೆದುಕೊಂಡು ಒಳಗೆ ದಶಾವತಾರ ಕೂರಿಸಿದರು. 10 ಅವತಾರಕ್ಕೆ 10 ಗುಂಪು, ಒಂದೊಂದರಲ್ಲಿ 12 ಎಲೆ. ಒಟ್ಟು 120. ಅವತಾರವೇ ರಾಜ, ಅವನಿಗೊಬ್ಬ ಪ್ರಧಾನಿ, ಆಮೇಲೆ ಒಂದರಿಂದ ಹತ್ತು. ಮತ್ಸ್ಯನ ಮೂರು ಅಂದರೆ ಮೂರು ಮೀನು. ಪರಶುರಾಮನ ಏಳು ಅಂದರೆ ಏಳು ಕೊಡಲಿ. ಓದು ಬಾರದವರಿಗೂ ಎಲೆ ಗೊತ್ತಾಗುತ್ತದೆ.

‘ಅತ್ತೆ, ಇಲ್ಲಿ ದೇವರನ್ನ ಕೈಯಲ್ಲೇ ಹಿಡಿದು ಕೆಳಗೆ ಹಾಕ್ತಾರಲ್ವಾ!’ ಅಂದ ಹುಡುಗ. ಅವನ ರಾಜಿಯಲ್ಲಿ ಆಡುವವನು ದೇವರನ್ನು ಮುಟ್ಟೋದೇ ಇಲ್ಲ, ದೇವರು ದೂರ ನಿಂತು ಕಾಯುತ್ತಾರೆ. ಇಲ್ಲಿ ನರಸಿಂಹ ಅಂಗೈಗೇ ಬರುತ್ತಾನೆ. ಪಕ್ಕದವರಿಗೆ ಸೋತರೆ ಅವರ ಮಡಿಲಿಗೆ ಹೋಗುತ್ತಾನೆ.

ಮುಮ್ಮಡಿಯವರು ಹತ್ತು ಅವತಾರಕ್ಕೇ ನಿಲ್ಲಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಾವೇ ವಹಿಸಿಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ರಾಜ್ಯಭಾರ ಮರಳಿ ಸಿಗಲಿಲ್ಲ. ಆ ವರ್ಷಗಳನ್ನು ವಿದ್ಯೆಗೆ, ಚಿತ್ರಕ್ಕೆ, ಆಟಕ್ಕೆ ಕೊಟ್ಟರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿ, ವಿಷ್ಣು, ಶಿವ, ಗ್ರಹ ಹೀಗೆ ದೇವರುಗಳ ರೂಪ ಹೇಳುತ್ತಾ ಹೋಗುವ ಗ್ರಂಥ ಅದು. ಕೊನೆಯದು ಕೌತುಕನಿಧಿ. ಯೋಗಾಸನದ 122 ಚಿತ್ರಗಳೂ ಎಲೆಯಾಟಗಳೂ ಅದರಲ್ಲೇ ಒಟ್ಟಿಗೆ ಕೂತಿವೆ.

ಆ ಎಲೆಯಾಟಗಳಿಗೆ ಅವರಿಟ್ಟ ಹೆಸರು ಛದ. ನವಗ್ರಹ ಛದ, ಪಂಚಪಾಂಡವ ಛದ, ದಿಕ್ಪಾಲ ಛದ, ದೇವಿ ದಶಾವತಾರ ಛದ, ಹೀಗೆ ಹತ್ತಕ್ಕೂ ಜಾಸ್ತಿ. ಚಿಕ್ಕದರಲ್ಲಿ 36 ಎಲೆ, ಚಾಮುಂಡೇಶ್ವರಿ ಛದದಲ್ಲಿ 320, ಜಗನ್ಮೋಹನ ಛದದಲ್ಲಿ 360. ಅಷ್ಟು ಎಲೆ ನೆನಪಿಟ್ಟು ಆಡಬೇಕಾದರೆ ಎಂಥ ತಲೆ ಬೇಕು! ಚದುರಂಗದ ಕುದುರೆ ಒಂದೇ ಮನೆಗೆ ಎರಡು ಸಲ ಕಾಲಿಡದೆ 64 ಮನೆಯನ್ನೂ ಸುತ್ತಿ ಬರುವ ಲೆಕ್ಕದಲ್ಲೂ ಅವರು ಪಳಗಿದ್ದರು. ಅಧಿಕಾರ ಹೋದ ರಾಜ ಹೊತ್ತು ಕಳೆಯೋಕೆ ಸುಮ್ನೆ ಮಾಡಿದ್ದು ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ದೇವರ ರೂಪ ಬರೆಸಿದ ಪುಸ್ತಕದೊಳಗೇ ಆಟಕ್ಕೂ ಜಾಗ ಕೊಟ್ಟವರಿಗೆ ಅದು ಹೊತ್ತು ಕಳೆಯುವ ಕೆಲಸ ಆಗಿರಲಿಲ್ಲ.

ಮಧ್ಯಾಹ್ನ ಮೃಗಾಲಯದ ಎದುರಿನ ರಾಮ್‌ಸನ್ಸ್ ಅಂಗಡಿಗೆ ಹೋದೆವು. ಅವರ ಕಲಾ ಪ್ರತಿಷ್ಠಾನ ಹಳೆಯ ಆಟಗಳನ್ನು ಹುಡುಕಿ, ಮಾಡಿಸಿ, ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನ ಮಾಡುತ್ತಾ ಬಂದಿದೆ. ಪಗಡೆ, ಚೌಕಾಬಾರ, ಅಳಿಗುಳಿಮಣೆ, ಆಡು ಹುಲಿ ಆಟ. ಇವನ್ನು ಮತ್ತೆ ಆಡುವ ವಸ್ತು ಮಾಡಿದ್ದು ದೊಡ್ಡ ಕೆಲಸ ಎಂದೇ ನನ್ನ ಎಣಿಕೆ.

ರಾತ್ರಿ ದೊಡ್ಡಮ್ಮನ ಮನೆ, ಕೃಷ್ಣಮೂರ್ತಿಪುರಂನಲ್ಲಿ. ಊಟವಾದ ಮೇಲೆ ರೈಲಿನ ಪ್ರಶ್ನೆಯನ್ನು ಅವರ ಮುಂದಿಟ್ಟೆ.

‘ಅದೇನು ಪ್ರಶ್ನೆ ಕಣೇ? ತಿಮ್ಮಪ್ಪನೇ ರಾತ್ರಿ ಎದ್ದು ಬಂದು ತನ್ನ ಭಕ್ತ ಹಾಥೀರಾಂ ಬಾವಾಜಿ ಜೊತೆ ಪಗಡೆ ಆಡ್ತಿದ್ನಂತೆ. ದೇವರಿಗೇ ಆಟ ಬೇಕು.’

ವೈಕುಂಠ ಏಕಾದಶಿಯ ಜಾಗರಣೆಗೆ ಅವರ ತವರಲ್ಲಿ ಪರಮಪದ ಸೋಪಾನದ ಪಟ ಹಾಸುತ್ತಿದ್ದರಂತೆ. ನಾವು ಹಾವು ಏಣಿ ಅನ್ನೋ ಆಟದ ಹಿರಿಯಕ್ಕ ಅದು. ಏಣಿ ಹತ್ತಿಸುವುದು ಭಕ್ತಿ, ದಾನ, ಸತ್ಯ. ಹಾವಿನ ಬಾಯಿಗೆ ಹಾಕುವುದು ಕೋಪ, ಲೋಭ, ಅಹಂಕಾರ. ತುತ್ತತುದಿಯಲ್ಲಿ ವೈಕುಂಠ. ‘ಬಾಗಿಲ ಹತ್ರ ಬಂದು ಹಾವು ಕಚ್ಚಿ ಕೆಳಗೆ ಬಿದ್ದಾಗ ನಮ್ಮಜ್ಜಿ ನಿಜವಾಗ್ಲೂ ಗೋವಿಂದ ಗೋವಿಂದ ಅಂತಿದ್ರು’ ಎಂದರು ದೊಡ್ಡಮ್ಮ. 1890ರ ದಶಕದಲ್ಲಿ ಈ ಆಟ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಮೊದಮೊದಲು ಅವರ ಪಾಪ ಪುಣ್ಯಗಳ ಚಿತ್ರ ಬರೆದುಕೊಂಡರು. ಬರಬರುತ್ತಾ ಅದೂ ಅಳಿಸಿ ಬರೀ ಅಂಕಿ ಉಳಿಯಿತು. ನಾವು ಚಿಕ್ಕವರಿದ್ದಾಗ ಅಂಗಡಿಯಿಂದ ತಂದದ್ದು ಆ ಅಂಕಿಯ ಪಟವನ್ನೇ. ನೂರನೇ ಮನೆಯಲ್ಲಿ ಯಾರೂ ಕಾದಿರುವುದಿಲ್ಲ. ಇದು ನನಗೆ ಈಗಲೂ ಬೇಸರ.

ಮರುದಿನ ಚಾಮುಂಡಿ ಬೆಟ್ಟ. ಮೆಟ್ಟಿಲು ಹತ್ತಿಯೇ ಹೋದೆವು. ಮೇಲೆ ಮಹಿಷಾಸುರನ ವಿಗ್ರಹದ ಎದುರು ಮಕ್ಕಳು ಅವನ ಹಾಗೇ ಎದೆಯುಬ್ಬಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಊರಿಗೆ ಹೆಸರು ಕೊಟ್ಟ ಅಸುರ ಮೈಸೂರಿಗರಿಗೆ ಮನೆಯವನೇ ಆಗಿದ್ದಾನೆ. ದೇವಸ್ಥಾನದ ಒಳಗೆ ನಾನು ಹುಡುಗನಿಗೆ ತೋರಿಸಬೇಕೆಂದಿದ್ದದ್ದು ಮುಮ್ಮಡಿಯವರ ಮೂರ್ತಿ. ಮೂವರು ರಾಣಿಯರ ಜೊತೆ ಕೈಮುಗಿದು ನಿಂತಿದ್ದಾರೆ. 1827ರಲ್ಲಿ ಗುಡಿಯನ್ನು ದುರಸ್ತಿ ಮಾಡಿಸಿ ಗೋಪುರ ಕಟ್ಟಿಸಿದವರು ಅವರೇ. ದೇವಿಗೆ ನಕ್ಷತ್ರಮಾಲಿಕೆ ಎಂಬ ಚಿನ್ನದ ಹಾರ ಕೊಟ್ಟರು, ಅದರಲ್ಲಿ ಸಂಸ್ಕೃತ ಶ್ಲೋಕ ಕೆತ್ತಿಸಿದರು. ದೇವಿಯ ಹೆಸರಲ್ಲಿ 320 ಎಲೆಯ ಆಟ ಕಟ್ಟಿದ್ದೂ ಇದೇ ಕೈ.

‘ಹಾರ ಕೊಟ್ಟಿದ್ದು, ಆಟ ಮಾಡಿದ್ದು ಅವರಿಗೆ ಎರಡೂ ಒಂದೇನಾ ಅತ್ತೆ?’

‘ಒಂದೇ ಅಂತ ನಂಬ್ತೀನಿ ಕಣೋ.’

ಇಳಿಯುವಾಗ ಅವನು ಹಟ ಹಿಡಿದ, ನಾವೂ ಆಡಬೇಕು ಅಂತ. ಊರೆಲ್ಲ ಹುಡುಕಿದರೆ ಗಂಜೀಫಾ ಸಿಗುತ್ತದೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಚಿತ್ರವಾಗಿ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಮೈಸೂರು ಶೈಲಿಗೆ ಮತ್ತೆ ಜೀವ ಕೊಟ್ಟರು, ಅದಕ್ಕೆ ಈ ಊರಿನದೇ ಕಲೆ ಎಂದು ಹೇಳುವ ಭೌಗೋಳಿಕ ಗುರುತೂ (ಜಿಐ) ಸಿಕ್ಕಿದೆ. ಅಷ್ಟು ಚೆಂದ ಬರೆದ ಎಲೆಯನ್ನು ಯಾರೂ ಚಾಪೆಯ ಮೇಲೆ ಎಸೆಯುವುದಿಲ್ಲ. ಹಾಗಾಗಿ ಬರೆಯುವ ಕೈ ಉಳಿಯಿತು, ಆಡುವ ಕೈ ಹೋಯಿತು. ಸೂಕ್ಷ್ಮ ಕೆಲಸದ ಎಲೆ ಅರಮನೆಗೆ, ಒರಟು ಎಲೆ ಬೀದಿಗೆ ಎಂದು ಹಿಂದೆ ಎರಡೂ ಇದ್ದವು. ಈಗ ಆ ಎರಡನೆಯದು ಇಲ್ಲ.

ಸ್ಟೇಷನರಿ ಅಂಗಡಿಯಿಂದ ರಟ್ಟು, ಸ್ಕೆಚ್ ಪೆನ್ ತಂದು ಹುಡುಗ ಹಜಾರದಲ್ಲಿ ಕೂತ. ಮೀನು, ಆಮೆ, ಶಂಖ, ಚಕ್ರ, ಕಮಂಡಲ, ಕೊಡಲಿ, ಬಾಣ, ಕೊಳಲು. ಒಂಬತ್ತನೆಯದಕ್ಕೆ ಜಗಳ ಶುರು. ಅವನಿಗೆ ಬುದ್ಧನ ಕಮಲ ಬೇಕು. ದೊಡ್ಡಮ್ಮನಿಗೆ ಬಲರಾಮನ ನೇಗಿಲು. ಒಡಿಶಾದವರು ಆ ಜಾಗದಲ್ಲಿ ಜಗನ್ನಾಥನನ್ನೇ ಕೂರಿಸುತ್ತಾರೆ ಎಂದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನೇಗಿಲು ಗೆದ್ದಿತು. ಹತ್ತನೆಯದು ಕಲ್ಕಿಯ ಕತ್ತಿ.

ಮೂವರಿಗೆ ತಲಾ 40 ಎಲೆ. ಕೈಯಲ್ಲಿ ಹಿಡಿಯೋದೇ ಕಷ್ಟ. ಐದು ಗುಂಪಿನಲ್ಲಿ ಪ್ರಧಾನಿ ಆದಮೇಲೆ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನೈದರಲ್ಲಿ ಒಂದೇ ದೊಡ್ಡದು, ಹತ್ತು ಚಿಕ್ಕದು. ಹಗಲಾದರೆ ರಾಮ ಇದ್ದವರು ಆಟ ಶುರುಮಾಡಬೇಕು. ರಾತ್ರಿಯಾದರೆ ಕೃಷ್ಣ ಇದ್ದವರು. ನಾವು ಎಲೆ ಹಂಚುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ಕೃಷ್ಣ ದೊಡ್ಡಮ್ಮನ ಕೈಯಲ್ಲಿದ್ದ. ಎಲೆಯನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟರು. ಆಮೇಲೆ ನನ್ನ ವಾಮನನನ್ನೂ ಹುಡುಗನ ಕೂರ್ಮನನ್ನೂ ಸ್ವಲ್ಪವೂ ಕರುಣೆಯಿಲ್ಲದೆ ಬಾಚಿಕೊಂಡರು.

ಅರಮನೆ ಸುತ್ತಲಿನ ಅಂಗಡಿಗಳಲ್ಲಿ ಮಾಮೂಲಿ ಇಸ್ಪೀಟಿನ ಬೆಲೆಗೆ ದಶಾವತಾರದ ಡಬ್ಬಿ ಸಿಗಬೇಕು. ಒಳಗೆ ಆಟದ ನಿಯಮ ಕನ್ನಡದಲ್ಲಿ ಅಚ್ಚಾಗಿರಬೇಕು. ಅಷ್ಟಾದರೆ ಸಾಕು, ಮಿಕ್ಕಿದ್ದನ್ನು ಅಜ್ಜಿಯರು ನೋಡಿಕೊಳ್ಳುತ್ತಾರೆ. ಸದ್ಯಕ್ಕೆ ನಮ್ಮ ರಟ್ಟಿನ ಎಲೆಗಳನ್ನು ದೊಡ್ಡಮ್ಮ ತಮ್ಮ ಬೀರುವಿನಲ್ಲೇ ಇಟ್ಟುಕೊಂಡಿದ್ದಾರೆ. ದಸರಾ ರಜೆಯಲ್ಲಿ ಬಂದು ಇನ್ನೊಂದು ಸುತ್ತು ಆಡಬೇಕಂತೆ. ಹುಡುಗ ವಾಪಸ್ ಬರುವ ರೈಲಿನಲ್ಲಿ ನವಗ್ರಹ ಛದಕ್ಕೆ ಒಂಬತ್ತು ಗುರುತು ಬರೆಯಲು ಕೂತಿದ್ದ.