ಸೋಲಾರ್ ಹಾಕಿಸುವ ಮೊದಲು 12 ತಿಂಗಳ ಬಿಲ್ ಮುಂದಿಟ್ಟುಕೊಳ್ಳಿ

ಸೋಲಾರ್‌ನವರನ್ನು ಮನೆಗೆ ಕರೆಸುವ ಮೊದಲು ಕಳೆದ 12 ತಿಂಗಳ ಕರೆಂಟ್ ಬಿಲ್ ಹುಡುಕಿ, ಯಾವ ತಿಂಗಳು ಎಷ್ಟು ಯೂನಿಟ್ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗ್ರಿಡ್‌ಗೆ, ಅಂದರೆ ಹೊರಗಿನ ಕರೆಂಟ್ ಲೈನಿಗೆ, ಜೋಡಿಸಿದ ಸೋಲಾರ್ ನಿಮ್ಮ ಮನೆಗೆ ಗಿಟ್ಟುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಆ ಹಾಳೆಯಲ್ಲೇ ತೀರ್ಮಾನವಾಗುತ್ತದೆ.

ಗೃಹಜ್ಯೋತಿ ಸಿಗುತ್ತಿದ್ದು, ಬಳಕೆ ನಿಮಗೆ ಗೊತ್ತುಪಡಿಸಿದ ಉಚಿತ ಯೂನಿಟ್‌ಗಳ ಮಿತಿಯೊಳಗೇ ಇದ್ದರೆ ಸೋಲಾರ್ ಬೇಡ. ಬಿಲ್ಲೇ ಸೊನ್ನೆ ಇರುವಾಗ ಉಳಿಸುವುದಕ್ಕೆ ಏನೂ ಇಲ್ಲ. ಕಷ್ಟ ಇರುವುದು ಅಂಚಿನಲ್ಲಿರುವವರಿಗೆ. ಮಿತಿ ದಾಟಿ 200ರೊಳಗಿದ್ದರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೆಂದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಮಾತ್ರ 210, 230 ಮುಟ್ಟುವ ಮನೆಗೆ ಲಕ್ಷ ರೂಪಾಯಿ ಸೋಲಾರ್‌ಗಿಂತ ಬಳಕೆ ಇಳಿಸುವುದೇ ಅಗ್ಗದ ದಾರಿ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಅದರ ಜಾಗಕ್ಕೆ ಸೋಲಾರ್ ವಾಟರ್ ಹೀಟರ್ ಬಂದರೆ ಲೆಕ್ಕ ಅಲ್ಲಿಗೇ ಸರಿಹೋಗುತ್ತದೆ.

ತಿಂಗಳಿಗೆ 300 ಯೂನಿಟ್ ಮೇಲೆ ಬಳಸುವ ಮನೆಯ ಕಥೆ ಬೇರೆ. ನಮ್ಮ ಬಯಲುಸೀಮೆಯ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ 1,400ರ ಆಸುಪಾಸು ಕೊಡುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಮೂರು ತಿಂಗಳು ಇದು ತೀರಾ ಇಳಿಯುತ್ತದೆ. 3 ಕಿಲೋವ್ಯಾಟ್‌ಗೆ ವರ್ಷಕ್ಕೆ 4,200 ಯೂನಿಟ್ ಎಂದಿಟ್ಟುಕೊಳ್ಳಿ. 2025-26ರ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಸರ್‌ಚಾರ್ಜ್, 9% ತೆರಿಗೆ ಸೇರಿದರೆ ಆರೂವರೆ ದಾಟುತ್ತದೆ. ಅಷ್ಟನ್ನೂ ನೀವೇ ಬಳಸಿಕೊಂಡರೆ ವರ್ಷಕ್ಕೆ 27,000 ರೂಪಾಯಿ ಉಳಿತಾಯ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000, 3 ಅಥವಾ ಅದಕ್ಕಿಂತ ಹೆಚ್ಚಿಗೆ ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ. ಎರಡು ಲಕ್ಷದ ಸುತ್ತಮುತ್ತಲಿನ ಕೊಟೇಶನ್ ಬಂದರೆ ಕೈಯಿಂದ ಹೋಗುವುದು 1.2 ಲಕ್ಷ. ನಾಲ್ಕೂವರೆ, ಐದು ವರ್ಷಕ್ಕೆ ಅಸಲು ವಾಪಸ್. ಪ್ಯಾನಲ್ 25 ವರ್ಷ ಬಾಳುತ್ತದೆ; ಪ್ಯಾನಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆ ಬದಲಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ.

"ಜಾಗ ಇದೆಯಲ್ಲ ಸರ್, 5 ಕಿಲೋವ್ಯಾಟ್ ಹಾಕಿಬಿಡಿ, ಮಿಕ್ಕಿದ್ದು ಮಾರಿಕೊಳ್ಳಬಹುದು" ಎಂಬ ಮಾತಿಗೆ ಮರುಳಾಗಬೇಡಿ. ಹತ್ತು ವರ್ಷದ ಹಿಂದೆ ಆ ಮಾತಿಗೆ ಅರ್ಥವಿತ್ತು: 2013ರಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ನಿಗದಿಮಾಡಿದ ದರ ಸಬ್ಸಿಡಿ ಇಲ್ಲದವರಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ. ಈಗ ಮಿಕ್ಕ ಯೂನಿಟ್‌ಗೆ ಸಿಗುವುದು ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. 3 ಕಿಲೋವ್ಯಾಟ್ ಮೇಲೆ ಸಬ್ಸಿಡಿಯೂ ಏರುವುದಿಲ್ಲ. ಬಳಕೆಗೆ ತಕ್ಕಷ್ಟು, ಬೇಕಿದ್ದರೆ ಒಂದು ಕೂದಲು ಕಡಿಮೆ ಹಾಕಿಸುವುದೇ ಜಾಣತನ. ಇನ್ನೊಂದು ವಿಷಯ ಮಾರುವವರು ಹೇಳುವುದೇ ಇಲ್ಲ: ನಿಗದಿತ ಶುಲ್ಕ ಒಂದು ಪೈಸೆಯೂ ಇಳಿಯುವುದಿಲ್ಲ. ಮಂಜೂರಾದ ಲೋಡ್ 5 ಕಿಲೋವ್ಯಾಟ್ ಇದ್ದರೆ 2025-26ರ ದರದಲ್ಲಿ ಕಿಲೋವ್ಯಾಟ್‌ಗೆ 145ರಂತೆ ತಿಂಗಳಿಗೆ 725 ರೂಪಾಯಿ ಬಂದೇ ಬರುತ್ತದೆ. "ಸೊನ್ನೆ ಬಿಲ್" ಅನ್ನುವುದು ಜಾಹೀರಾತಿನ ಮಾತು.

ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುತ್ತದೆ. ಮೇಲೆ ರಣಬಿಸಿಲು, ಕೆಳಗೆ ಫ್ಯಾನ್ ಇಲ್ಲ! ಆದರೆ ಅದು ದೋಷವಲ್ಲ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹರಿದ ಕರೆಂಟ್ ಹೊಡೆಯಬಾರದು ಎಂದೇ ಇನ್ವರ್ಟರ್ ತನ್ನಷ್ಟಕ್ಕೆ ತಾನು ಆಫ್ ಆಗುತ್ತದೆ. ಪವರ್ ಕಟ್ ಜಾಸ್ತಿ ಇರುವ ಕಡೆ ಬ್ಯಾಟರಿ ಸಮೇತ ಹೈಬ್ರಿಡ್ ಇನ್ವರ್ಟರ್ ಬೇಕು, ಅಸಲು ಹುಟ್ಟುವುದು ಹಲವು ವರ್ಷ ತಡವಾಗುತ್ತದೆ.

ಇನ್ನು ನೆರಳು. ಬೆಂಗಳೂರಿನ ತಾರಸಿಯಲ್ಲಿ ಮುಖ್ಯ ಶತ್ರು ನೀರಿನ ಟ್ಯಾಂಕ್. ಪ್ಯಾನಲ್‌ಗಿಂತ 2 ಮೀಟರ್ ಎತ್ತರಕ್ಕಿರುವ ಟ್ಯಾಂಕಿನ ನೆರಳು ಡಿಸೆಂಬರ್ ಮಧ್ಯಾಹ್ನ ಉತ್ತರಕ್ಕೆ ಒಂದೂವರೆ ಮೀಟರ್ ಚಾಚುತ್ತದೆ. ಬೆಳಿಗ್ಗೆ 9ಕ್ಕೆ ವಾಯವ್ಯದತ್ತ ಮೂರೂವರೆ ಮೀಟರ್. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ತಿಂಗಳಲ್ಲಿ ಬಂದು ನೋಡಿ "ಇಲ್ಲಿ ನೆರಳೇ ಇಲ್ಲ" ಎಂದವರ ಮಾತು ಡಿಸೆಂಬರ್‌ಗೆ ನಡೆಯದು. ಪ್ಯಾನಲ್‌ಗಳು ಒಂದೇ ಸರಣಿಯಲ್ಲಿ ಇರುವುದರಿಂದ ಒಂದರ ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಆ ಪ್ಯಾನಲ್‌ನ ಮೂರನೇ ಒಂದು ಭಾಗವೋ ಇನ್ನೂ ಹೆಚ್ಚೋ ಕೈಕೊಡುತ್ತದೆ. ಟ್ಯಾಂಕಿನ ದಕ್ಷಿಣಕ್ಕೆ ಜಾಗ ಇದ್ದರೆ ಅಲ್ಲೇ ಕೂರಿಸಿ, ದಕ್ಷಿಣಕ್ಕೆ ಮುಖ ಮಾಡಿ 13ರಿಂದ 15 ಡಿಗ್ರಿ ಓರೆ ಕೊಡಿ.

ಹಳ್ಳಿ ಮತ್ತು ಹೊಸ ಬಡಾವಣೆಗಳಲ್ಲಿ ಎಲ್ಲರನ್ನೂ ಕಾಡುವುದು ವೋಲ್ಟೇಜ್. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆಯಲ್ಲಿ ಮಧ್ಯಾಹ್ನ ಬಳಕೆ ಕಡಿಮೆ, ಉತ್ಪಾದನೆ ಹೆಚ್ಚು. ಕರೆಂಟನ್ನು ಹೊರಗೆ ತಳ್ಳಲು ಇನ್ವರ್ಟರ್ ವೋಲ್ಟೇಜ್ ಏರಿಸುತ್ತಾ ಹೋಗಿ, 253ರಿಂದ 265 ನಡುವಿನ ತನ್ನ ಮಿತಿ ಮುಟ್ಟಿದ ಕೂಡಲೇ ಟ್ರಿಪ್ ಆಗುತ್ತದೆ. ಒಳ್ಳೆಯ ಬಿಸಿಲಿನ ದಿನವೇ ಉತ್ಪಾದನೆ ಕಡಿಮೆ ಬಂದರೆ ಇನ್ವರ್ಟರ್‌ನ ಆ್ಯಪ್‌ನಲ್ಲಿ "ಗ್ರಿಡ್ ಓವರ್ ವೋಲ್ಟೇಜ್" ಇದೆಯಾ ನೋಡಿ. ಅರ್ಧ ತಪ್ಪು ಎಷ್ಟೋ ಸಲ ಮನೆಯ ವೈರಿನದೇ. 3 ಕಿಲೋವ್ಯಾಟ್ ಎಂದರೆ 13 ಆಂಪಿಯರ್. ಇನ್ವರ್ಟರ್‌ನಿಂದ ಮೀಟರ್‌ಗೆ 30 ಮೀಟರ್ ದೂರ, ಎಳೆದದ್ದು 2.5 ಚದರ ಮಿ.ಮೀ. ತಾಮ್ರದ ವೈರ್ ಆದರೆ ಅದೊಂದರಲ್ಲೇ ಸುಮಾರು 6 ವೋಲ್ಟ್ ಏರುತ್ತದೆ. 6 ಚದರ ಮಿ.ಮೀ. ಹಾಕಿಸಿದರೆ ಎರಡೂವರೆ ವೋಲ್ಟ್‌ಗೆ ಇಳಿಯುತ್ತದೆ. ಇನ್ವರ್ಟರನ್ನು ಮೀಟರ್ ಹತ್ತಿರ ಕೂರಿಸಿ, ಡಿಸಿ ಕೇಬಲ್ ಉದ್ದವಾದರೂ ಪರವಾಗಿಲ್ಲ. ಇಷ್ಟಾದರೂ ಟ್ರಿಪ್ ಆಗುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಟ್ಯಾಪ್ (ಅದರ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಜೋಡಣೆ) ಇಳಿಸುವಂತೆ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಲಿಖಿತ ಅರ್ಜಿ ಕೊಡಿ, ವೋಲ್ಟೇಜ್ ದಾಖಲೆ ಜೊತೆಗಿಡಿ.

ಕೆಲಸ ನಡೆಯುವಾಗ ಪ್ಯಾನಲ್ ಹಿಂದೆ ಕೇಬಲ್ ಜೋಡಿಸುವ ಎಂಸಿ4 ಕನೆಕ್ಟರ್‌ಗಳನ್ನು ಖುದ್ದಾಗಿ ನೋಡಿ. ಹೆಣ್ಣು ಒಂದು ಕಂಪನಿಯದು, ಗಂಡು ಇನ್ನೊಂದರದ್ದು ಆಗಬಾರದು. ಕೂರಿಸಿದಾಗ ಟಕ್ ಎಂದು ಕಚ್ಚಿಕೊಳ್ಳುತ್ತದೆ ನಿಜ, ಆದರೆ ಒಳಗಿನ ಸಂಪರ್ಕ ಸಡಿಲವಾಗಿ, ಬಿಸಿಯೇರಿ ಕರಗಬಹುದು, ಬೆಂಕಿಗೂ ಕಾರಣವಾಗಬಹುದು. ಕನೆಕ್ಟರನ್ನು ವೈರಿಗೆ ಪ್ಲೈಯರ್‌ನಲ್ಲಿ ಅದುಮುತ್ತಿದ್ದರೆ ನಿಲ್ಲಿಸಿ. ಅದಕ್ಕೆಂದೇ ಕ್ರಿಂಪಿಂಗ್ ಟೂಲ್ ಇದೆ. ಅರ್ಥಿಂಗ್‌ಗೆ ಮೂರು ಗುಂಡಿ ಬೇಕು: ಪ್ಯಾನಲ್ ಮತ್ತು ಡಿಸಿಗೆ ಒಂದು, ಎಸಿಗೆ ಒಂದು, ಮಿಂಚುಬಂಧಕಕ್ಕೆ ಒಂದು. ತಾರಸಿಗೆ ಡ್ರಿಲ್ ಹೊಡೆದರೆ ಮುಂದಿನ ಮಳೆಗೆ ಸೋರುವ ಅಪಾಯ ಇದೆ, ಕಾಂಕ್ರೀಟ್ ದಿಮ್ಮಿಯ ಮೇಲೆ ಕಾಲು ನಿಲ್ಲಿಸುವಂತೆ ಕೇಳಿ.

ಕಾಗದಪತ್ರದಲ್ಲಿ ಅರ್ಜಿ ಸಿಕ್ಕಿಕೊಳ್ಳುವುದು ಆರ್‌ಆರ್ ನಂಬರ್‌ನ ಹೆಸರಿನಲ್ಲಿ. ಮನೆಯ ಖಾತೆ ಮಗನಿಗೆ ಬಂದಿರುತ್ತದೆ, ಮೀಟರ್ ಇನ್ನೂ ತೀರಿಹೋದ ತಂದೆಯ ಹೆಸರಲ್ಲೇ ಇರುತ್ತದೆ. ಮೊದಲು ಹೆಸರು ಬದಲಿಸಿ, ಆಮೇಲೆ ಪಿಎಂ ಸೂರ್ಯಘರ್ ಪೋರ್ಟಲ್‌ಗೆ ಹೋಗಿ. ಸಬ್ಸಿಡಿ ಬೇಕಿದ್ದರೆ ಭಾರತದಲ್ಲೇ ತಯಾರಾದ ಸೆಲ್‌ಗಳ, ಡಿಸಿಆರ್ ಎನ್ನುವ ಪ್ಯಾನಲ್ಲೇ ಆಗಬೇಕು. ಕೊಟೇಶನ್‌ನಲ್ಲಿ ಆ ಪದ ಇದೆಯಾ ಎಂದು ನೋಡಿ ಸಹಿ ಹಾಕಿ.

ಪ್ಯಾನಲ್ ಸಿದ್ಧವಾದ ದಿನವೇ ಆನ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಎರಡು ದಿಕ್ಕಿನ ಮೀಟರ್ ಬರುವ ತನಕ ಮಾಡಬೇಡಿ. ಹಳೆಯ ಡಿಜಿಟಲ್ ಮೀಟರ್‌ಗಳಲ್ಲಿ ಎಷ್ಟೋ ನೀವು ಹೊರಗೆ ಕಳಿಸಿದ ಯೂನಿಟ್ಟನ್ನೂ ನಿಮ್ಮ ಬಳಕೆಗೇ ಸೇರಿಸಿಬಿಡುತ್ತವೆ. ಹೊಸ ಮೀಟರ್ ಬಂದ ಮೇಲೆ ಪರದೆಯಲ್ಲಿ ಒಂದಾದ ಮೇಲೊಂದು ಬರುವ ಅಂಕಿಗಳಲ್ಲಿ ಇಂಪೋರ್ಟ್ (ಒಳಗೆ ಬಂದದ್ದು), ಎಕ್ಸ್‌ಪೋರ್ಟ್ (ಹೊರಗೆ ಕಳಿಸಿದ್ದು) ಎರಡನ್ನೂ ಫೋಟೋ ತೆಗೆದಿಡಿ. ಮೊದಲ ಬಿಲ್ ಬಂದಾಗ ಎಕ್ಸ್‌ಪೋರ್ಟ್ ಕಾಲಂ ಖಾಲಿ ಇದ್ದರೆ ಆ ಫೋಟೋ ಹಿಡಿದು ಅದೇ ವಾರ ದೂರು ಕೊಡಿ.