ಮೇಣದ ಕೈಪ್ರೆಸ್‌ಗೆ ಹೀಟರ್: ಕೆಲಸ ಎಲ್ಲಿಗೆ ಬಂತು

ಸಣ್ಣ ಹಿತ್ತಾಳೆ ಭಾಗಗಳ ಎರಕಕ್ಕೆ ಬೇಕಾದ ಮೇಣದ ಅಚ್ಚುಗಳನ್ನು ಒತ್ತಿ ತೆಗೆಯುವ ಪ್ರೆಸ್ ಇದು. ಮೇಲೆ ಸ್ಕ್ರೂ, ನಡುವೆ ಸಿಲಿಂಡರ್, ಕೆಳಗೆ ಅಲ್ಯೂಮಿನಿಯಂ ಬ್ಲಾಕ್, ಪಕ್ಕಕ್ಕೆ ನಾಝಲ್. ಮೇಣವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಸುರಿದರೆ ಮೂರ್ನಾಲ್ಕು ಅಚ್ಚು ಒತ್ತುವಷ್ಟರಲ್ಲಿ ನಾಝಲ್ ಕಟ್ಟಿಕೊಳ್ಳುತ್ತದೆ. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಎರಡನೆಯದಕ್ಕೇ ಕಟ್ಟುತ್ತದೆ. ಪ್ರೆಸ್ಸೇ ಬಿಸಿಯಾಗಿರಬೇಕು, ಆ ಬಿಸಿ ನಾಝಲ್ ತುದಿಯವರೆಗೂ ಮುಟ್ಟಬೇಕು.

ಬೇಸಿಗೆ: ಬ್ಲಾಕ್ ಮತ್ತು ವ್ಯಾಟ್ ಲೆಕ್ಕ

ಬ್ಲಾಕ್ 100×75×20 ಮಿಮೀ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲಿ ಈ ಅಳತೆಯ ತುಂಡು ಸ್ಕ್ರ್ಯಾಪ್‌ನಲ್ಲೇ ಸಿಗುತ್ತದೆ. ತೂಕ ಸುಮಾರು 400 ಗ್ರಾಂ. ಪ್ರೆಸ್‌ನ ಬೀಡುಕಬ್ಬಿಣದ ಭಾಗ ಎರಡೂವರೆ ಕಿಲೋ, ಮೇಣ 150 ಗ್ರಾಂ. ಇವಿಷ್ಟನ್ನೂ 25 ಡಿಗ್ರಿಯಿಂದ 65ಕ್ಕೆ ಏರಿಸಿ ಮೇಣವನ್ನೂ ಕರಗಿಸಲು ಸುಮಾರು 105 ಕಿಲೋಜೂಲ್ ಬೇಕು. 100 ವ್ಯಾಟ್ ಹೀಟರ್‌ಗೆ ಅದು ಹದಿನೇಳೂವರೆ ನಿಮಿಷದ ಕೆಲಸ. ಗಾಳಿಗೆ ಹೋಗುವ ಬಿಸಿಯೂ ಸೇರಿ ಅರ್ಧ ಗಂಟೆ ಹಿಡಿದುಕೊಳ್ಳಿ, ಸಾಕು. ಇಸ್ತ್ರಿ ಪೆಟ್ಟಿಗೆಯ 750 ವ್ಯಾಟ್ ಎಲಿಮೆಂಟ್ ಹಾಕುವ ಆಸೆ ಬೇಡ. ಅದರ ಥರ್ಮೋಸ್ಟ್ಯಾಟ್ ಕಟ್ ಆದ ಮೇಲೂ ಶಾಖ ಏರುತ್ತಲೇ ಇರುತ್ತದೆ, ಮೇಣಕ್ಕೆ ಬೇಕಾದ ಒಂದೆರಡು ಡಿಗ್ರಿಯ ಹಿಡಿತ ಸಿಗುವುದಿಲ್ಲ.

ಹೀಟರ್ 10 ಮಿಮೀ ವ್ಯಾಸ, 80 ಮಿಮೀ ಉದ್ದದ ಕಾರ್ಟ್ರಿಜ್ (ರಂಧ್ರದೊಳಗೆ ತೂರಿಸುವ ಕಡ್ಡಿಯಂಥ ಹೀಟರ್), 230 ವೋಲ್ಟ್. ಕೊಳ್ಳುವಾಗಲೇ ಮಲ್ಟಿಮೀಟರ್ ಹಿಡಿದು ನೋಡಿ: 100 ವ್ಯಾಟ್‌ನದು 530 ಓಮ್ ಆಸುಪಾಸು ತೋರಿಸಬೇಕು. ರಂಧ್ರವನ್ನು ಮೊದಲು 9.8 ಡ್ರಿಲ್‌ನಿಂದ ಕೊರೆದು, ಆಮೇಲೆ ರಂಧ್ರವನ್ನು ನಿಖರ ಅಳತೆಗೆ ತರುವ 10ರ ರೀಮರ್ ಹಾಕಬೇಕು. ಬರೀ ಡ್ರಿಲ್ ಹೊಡೆದು ಬಿಟ್ಟರೆ ರಂಧ್ರ ದೊಡ್ಡದಾಗುತ್ತದೆ, ಹೀಟರ್ ಸುತ್ತ ಗಾಳಿ ನಿಲ್ಲುತ್ತದೆ, ಬ್ಲಾಕ್‌ಗೆ ಹೋಗಬೇಕಾದ ಬಿಸಿ ಹೀಟರ್‌ನಲ್ಲೇ ಉಳಿದು ಒಳಗಿನ ತಂತಿ ಸುಟ್ಟುಹೋಗುತ್ತದೆ. ಕಾರ್ಟ್ರಿಜ್ ಹೀಟರ್‌ಗಳು ಬೇಗ ಸಾಯುವುದಕ್ಕೆ ಮುಖ್ಯ ಕಾರಣ ಇದೇ. ರಂಧ್ರವನ್ನು ಆಚೆಬದಿಗೂ ತೂತು ತೆಗೆದಿದೆ. ಹೀಟರ್ ಕಚ್ಚಿಕೊಂಡರೆ ಹಿಂದಿನಿಂದ ತಳ್ಳಿ ತೆಗೆಯಬಹುದು.

ಬ್ಲಾಕ್ ಕೆಳಗೆ 6 ಮಿಮೀ ಹೈಲಂ ಶೀಟ್ (ಬಿಸಿ ದಾಟಗೊಡದ ರಾಳದ ಹಲಗೆ), ಅದರ ಕೆಳಗೆ ಮೇಜು. ಹೈಲಂ ಇಲ್ಲದಿದ್ದರೆ ಕಬ್ಬಿಣದ ಮೇಜೇ ಅರ್ಧ ಬಿಸಿ ಕುಡಿಯುತ್ತದೆ.

ಮಳೆಗಾಲದ ಮೊದಲು: ಕಂಟ್ರೋಲರ್

ಡಿಮ್ಮರ್ ಹಾಕಿದರೂ ನಡೆಯುತ್ತದೆ ಎನ್ನುವವರಿದ್ದಾರೆ. ಆದರೆ ಹೀಟರ್‌ನ ವ್ಯಾಟ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ಇದ್ದದ್ದು 190ಕ್ಕೆ ಇಳಿದರೆ 100 ವ್ಯಾಟ್ ಹೀಟರ್ 68 ವ್ಯಾಟ್‌ನದಾಗುತ್ತದೆ, ಡಿಮ್ಮರ್‌ಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ಆರ್‌ಇಎಕ್ಸ್-ಸಿ100 ಪಿಐಡಿ ಕಂಟ್ರೋಲರ್ (ಶಾಖ ನೋಡಿಕೊಂಡು ಹೀಟರ್‌ಗೆ ಹೋಗುವ ಕರೆಂಟ್ ಹೆಚ್ಚುಕಡಿಮೆ ಮಾಡುವ ಸಾಧನ), ಶಾಖ ಅಳೆಯುವ ಕೆ ಟೈಪ್ ಥರ್ಮೋಕಪಲ್, 25 ಆಂಪಿಯರ್‌ನ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಹೀಟರ್ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್).

ಈ ಕಂಟ್ರೋಲರ್ ಎರಡು ಬಗೆಯಲ್ಲಿ ಬರುತ್ತದೆ. ಮಾಡೆಲ್ ನಂಬರ್‌ನಲ್ಲಿ ‘ಎಂ’ ಇದ್ದರೆ ಒಳಗೆ ರಿಲೇ, ‘ವಿ’ ಇದ್ದರೆ ಎಸ್‌ಎಸ್‌ಆರ್‌ಗೆ ಬೇಕಾದ ಡಿಸಿ ವೋಲ್ಟೇಜ್. ರಿಲೇಯದನ್ನು ತಂದು ಎಸ್‌ಎಸ್‌ಆರ್‌ಗೆ ಜೋಡಿಸಿದರೆ ಡಿಸ್‌ಪ್ಲೇಯಲ್ಲಿ ಔಟ್‌ಪುಟ್ ದೀಪ ಉರಿಯುತ್ತದೆ, ಬ್ಲಾಕ್ ಮಾತ್ರ ತಣ್ಣಗೇ ಇರುತ್ತದೆ. ಬಿಸಿ ಮಾಡಿದಷ್ಟೂ ಅಂಕಿ ಇಳಿಯುತ್ತ ಹೋದರೆ ಥರ್ಮೋಕಪಲ್‌ನ ಎರಡು ತಂತಿ ಅದಲುಬದಲಾಗಿವೆ ಎಂದರ್ಥ.

ಥರ್ಮೋಕಪಲ್ ಕೂರಿಸುವ ಜಾಗ ಎಲ್ಲಕ್ಕಿಂತ ಮುಖ್ಯ. ಹೀಟರ್‌ಗೆ ಅಂಟಿಕೊಂಡರೆ ಹೀಟರ್‌ನ ಶಾಖ ಓದುತ್ತದೆ, ಸಿಲಿಂಡರ್ ಹಿಂದೆ ಬೀಳುತ್ತದೆ. ತೀರಾ ದೂರ ಹೋದರೆ ಸುದ್ದಿ ತಡವಾಗಿ ಮುಟ್ಟಿ ಶಾಖ ಮೇಲೆ ಕೆಳಗೆ ತೂಗುತ್ತದೆ. ಈ ಬ್ಲಾಕ್‌ನಲ್ಲಿ ಹೀಟರ್‌ಗೂ ಮೇಣದ ದಾರಿಗೂ ನಡುವೆ, ದಾರಿಗೆ ಹತ್ತಿರ, 15 ಮಿಮೀ ಆಳದ ರಂಧ್ರದಲ್ಲಿ ಥರ್ಮಲ್ ಪೇಸ್ಟ್ ತುಂಬಿ ಕೂರಿಸಿದೆ.

ಅಂಕಿ ಸರಿಯಿದೆಯೇ ನೋಡಲು ಐಸ್ ನೀರು ಮತ್ತು ಕುದಿಯುವ ನೀರು ಸಾಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97.5ರ ಹತ್ತಿರ. 100 ತೋರಿಸಲಿ ಎಂದು ತಿದ್ದಿದರೆ ಎರಡೂವರೆ ಡಿಗ್ರಿ ತಪ್ಪು ನೀವೇ ಸೇರಿಸಿದಂತೆ. ಆಟೋಟ್ಯೂನ್ (ಕಂಟ್ರೋಲರ್ ತನ್ನ ಅಂಕಿಗಳನ್ನು ತಾನೇ ಹೊಂದಿಸಿಕೊಳ್ಳುವುದು) ಮಾಡುವಾಗ ಸಿಲಿಂಡರ್‌ನಲ್ಲಿ ಮೇಣ ತುಂಬಿರಲಿ. ಖಾಲಿ ಪ್ರೆಸ್‌ಗೆ ಹೊಂದಿಸಿದ ಅಂಕಿಗಳು ತುಂಬಿದ ಪ್ರೆಸ್‌ಗೆ ಒಗ್ಗುವುದಿಲ್ಲ.

ಸುರಕ್ಷತೆ

ಎಸ್‌ಎಸ್‌ಆರ್ ಕೆಡುವಾಗ ಹೆಚ್ಚಾಗಿ ಆನ್ ಆಗಿಯೇ ಕೆಡುತ್ತದೆ. ಆಗ ಕಂಟ್ರೋಲರ್ ಎಷ್ಟೇ ಆಫ್ ಎಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಅದಕ್ಕೇ ಹೀಟರ್‌ನ ದಾರಿಯಲ್ಲಿ 90 ಡಿಗ್ರಿಯಲ್ಲಿ ಕಡಿಯುವ ಕೆಎಸ್‌ಡಿ301 ಥರ್ಮೋಸ್ಟ್ಯಾಟ್, ಅದರ ಜೊತೆಗೆ 121 ಡಿಗ್ರಿಯ ಥರ್ಮಲ್ ಫ್ಯೂಸ್, ಎರಡೂ ಬ್ಲಾಕ್‌ಗೆ ಒತ್ತಿ ಕೂತಿವೆ. ಥರ್ಮಲ್ ಫ್ಯೂಸ್‌ಗೆ ಬೆಸುಗೆ ಹಾಕಬೇಡಿ, ಸೋಲ್ಡರಿಂಗ್ ಐರನ್‌ನ ಬಿಸಿಗೇ ಹಾರಿಹೋಗುತ್ತದೆ, ಕ್ರಿಂಪ್ ಮಾಡಿ (ತೋಳಿನಲ್ಲಿ ಒತ್ತಿ ಜೋಡಿಸಿ). ಎಸ್‌ಎಸ್‌ಆರ್ ಆಫ್ ಇದ್ದಾಗಲೂ ಸ್ವಲ್ಪ ಕರೆಂಟ್ ಸೋರುತ್ತದೆ, ಆದ್ದರಿಂದ ಮುಟ್ಟುವ ಮೊದಲು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್. ಅರ್ಥಿಂಗ್ ತಂತಿ ಬ್ಲಾಕ್‌ಗೆ ನೇರವಾಗಿ, ಎಂ4 ಸ್ಕ್ರೂ ಮತ್ತು ಸ್ಟಾರ್ ವಾಷರ್ ಹಾಕಿ ಬಿಗಿ.

ಮೇಣ ಕರಗುವಾಗ ಹಿಗ್ಗುತ್ತದೆ, ಅದೂ ಹತ್ತು ಶೇಕಡದಷ್ಟು. ನಾಝಲ್‌ನಲ್ಲಿ ಗಟ್ಟಿ ಮೇಣ, ಮೇಲೆ ಬಿಗಿದ ಪಿಸ್ಟನ್, ನಡುವೆ ಕರಗಿದ ಮೇಣ ಎಂದಾದರೆ ಒತ್ತಡ ಕಟ್ಟಿ ಒಮ್ಮೆಲೇ ಚಿಮ್ಮುತ್ತದೆ. ಬಿಸಿ ಮಾಡುವ ಮೊದಲು ಸ್ಕ್ರೂ ನಾಲ್ಕೈದು ಸುತ್ತು ಹಿಂದಕ್ಕೆ, ನಾಝಲ್ ಬಾಯಿ ಗೋಡೆ ಕಡೆಗೆ.

ಮಳೆಗಾಲ: ತೇವ

ಕಾರ್ಟ್ರಿಜ್ ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ ವಾರಗಟ್ಟಲೆ ಸುಮ್ಮನೆ ಇಟ್ಟ ಹೀಟರ್ ಹಚ್ಚಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಬೀಳುವುದು ಇದಕ್ಕೇ. ಹೀಟರ್ ಕೆಟ್ಟಿದೆ ಎಂದು ಎಸೆಯಬೇಡಿ. ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಓವನ್‌ನಲ್ಲಿ 110 ಡಿಗ್ರಿಯ ಹತ್ತಿರ ಕೆಲವು ಗಂಟೆ ಒಣಗಿಸಿ, ಮತ್ತೆ ಅಳೆಯಿರಿ. ತಂತಿ ಹೊರಬರುವ ಬಾಯಿಗೆ ಹೆಚ್ಚು ಶಾಖ ತಡೆಯುವ ಸಿಲಿಕೋನ್ ಹಚ್ಚಿದರೆ ತೇವ ಒಳಸೇರುವುದು ನಿಧಾನವಾಗುತ್ತದೆ.

ಈಗಿನ ಸ್ಥಿತಿ

ಬ್ಲಾಕ್ 66ರಲ್ಲಿ ಒಂದು ಡಿಗ್ರಿ ಆಚೀಚೆ ನಿಲ್ಲುತ್ತದೆ. ಜೇನುಮೇಣ ಕರಗುವುದು 62ರಿಂದ 64ರಲ್ಲಿ, ಆದ್ದರಿಂದ ಜೇನುಮೇಣ, ಪ್ಯಾರಾಫಿನ್, ಸ್ವಲ್ಪ ರಾಳ ಸೇರಿದ ಮಿಶ್ರಣಕ್ಕೆ ಇದು ಸರಿಯಾದ ಜಾಗ. ಇನ್ನೂ ಏರಿಸಿದರೆ ಮೇಣ ಸಲೀಸಾಗಿ ಹರಿಯುತ್ತದೆ ನಿಜ, ಆದರೆ ಆರುವಾಗ ಹೆಚ್ಚು ಕುಗ್ಗಿ ಅಚ್ಚಿನ ದಪ್ಪ ಭಾಗದಲ್ಲಿ ಗುಳಿ ಬೀಳುತ್ತದೆ.

ತೊಂದರೆ ಉಳಿದಿರುವುದು ನಾಝಲ್‌ನಲ್ಲಿ. ಸ್ಟೇನ್‌ಲೆಸ್ ಸ್ಟೀಲ್‌ನ 25 ಮಿಮೀ ನಾಝಲ್ ತುದಿ ಬ್ಲಾಕ್‌ಗಿಂತ ಬಹಳ ತಣ್ಣಗಿರುತ್ತದೆ. ಬ್ಲಾಕ್ ಶಾಖ ಏರಿಸಿ ಅದನ್ನು ಸರಿದೂಗಿಸಲು ಹೋದರೆ ಒಳಗಿನ ಮೇಣ ಕಾಯುತ್ತದೆ, ತುದಿ ಹಾಗೇ ಇರುತ್ತದೆ. ಸ್ಟೇನ್‌ಲೆಸ್‌ಗಿಂತ ಹಿತ್ತಾಳೆ ಏಳೆಂಟು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಹಿತ್ತಾಳೆ ರಾಡ್‌ನಿಂದ 12 ಮಿಮೀ ಮಾತ್ರ ಹೊರಚಾಚುವ, 2.5 ಮಿಮೀ ರಂಧ್ರದ ನಾಝಲ್ ಈಗ ಲೇತ್‌ ಮೇಲಿದೆ. ಎಳೆ (ಥ್ರೆಡ್) ಹಾಕುವ ಕಡೆ 20 ಮಿಮೀ ಬ್ಲಾಕ್ ಒಳಗೆ ಹೋಗುವಂತೆ ಉದ್ದ ಇಟ್ಟಿದೆ, ಬಿಸಿ ದಾಟುವುದು ಎಳೆಯ ಮೂಲಕವೇ. ಅದನ್ನು ಹಾಕಿದ ಮೇಲೂ ತುದಿ 60ಕ್ಕಿಂತ ಕೆಳಗಿದ್ದರೆ 3 ಮಿಮೀ ತಾಮ್ರದ ಪಟ್ಟಿಯನ್ನು ಬ್ಲಾಕ್‌ಗೆ ಸ್ಕ್ರೂ ಮಾಡಿ ನಾಝಲ್ ಸುತ್ತ ಕ್ಲಾಂಪ್‌ನಂತೆ ಬಿಗಿಯುವುದು. ಪಟ್ಟಿಗೆ ಬೇಕಾದ ಎರಡು ಎಂ4 ರಂಧ್ರಗಳನ್ನು ಬ್ಲಾಕ್‌ನಲ್ಲಿ ಈಗಲೇ ಟ್ಯಾಪ್ ಮಾಡಿ ಇಟ್ಟಿದೆ.