ನಿನ್ನಿ ರೊಟ್ಟಿ ಯಾವ ಒಲಿ ಮ್ಯಾಲೆ?

ಯಾದಗಿರಿ ಕಡೆಯ ಒಂದು ಹಳ್ಳಿ. ನಾವು ಕಟ್ಟಿಸಿಕೊಟ್ಟ ಹೊಗೆರಹಿತ ಒಲೆಯ ಮೇಲೆ ಉಳ್ಳಾಗಡ್ಡಿ ಬುಟ್ಟಿ ಕೂತಿತ್ತು. ಒಲೆಯ ಬಾಯಲ್ಲಿ ಬೂದಿಯ ಗುರುತೂ ಇಲ್ಲ. ಹಿಂದಿನ ತಿಂಗಳು ಅದೇ ಅಡುಗೆಮನೆಯಲ್ಲಿ ಕೂತು ನಾನೇ ಫಾರಂ ತುಂಬಿದ್ದೆ. "ಒಲೆ ಹೇಗಿದೆ ಅಕ್ಕಾ?" ಎಂದು ಕೇಳಿದ್ದಕ್ಕೆ ಆಕೆ, "ಭಾಳ ಚಲೋ ಐತ್ರಿ" ಅಂದಿದ್ದರು. ಚಹಾ ಕೊಟ್ಟಿದ್ದರು. ನಾನು "ತೃಪ್ತಿಕರ" ಎಂಬಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋಗಿದ್ದೆ.

ಆಕೆ ಸುಳ್ಳು ಹೇಳಿರಲಿಲ್ಲ. ಬಿಸಿಲಲ್ಲಿ ನಡೆದು ಮನೆಗೆ ಬಂದವರು, ದುಡ್ಡು ಕೇಳದೆ ಒಂದು ವಸ್ತು ಕೊಟ್ಟವರು ಎದುರಿಗೆ ಕೂತು "ಹೇಗಿದೆ" ಎಂದರೆ ಚೆನ್ನಾಗಿಲ್ಲ ಎನ್ನುವ ಹೆಣ್ಣುಮಗಳು ಯಾರು? ಅತ್ತೆ ಕೊಟ್ಟ ಸೀರೆಯ ಬಣ್ಣ ಹಿಡಿಸಲಿಲ್ಲ ಎಂದು ನಾನೂ ಇವತ್ತಿನವರೆಗೆ ಅತ್ತೆಗೆ ಹೇಳಿಲ್ಲ. ಅದು ಬಂದವರಿಗೆ ಕೊಟ್ಟ ಮರ್ಯಾದೆ. ನಾನು ಅದನ್ನು ಮಾಹಿತಿ ಎಂದು ಬರೆದುಕೊಂಡೆ.

ನಿಜವಾದ ಉತ್ತರ ಸಿಕ್ಕಿದ್ದು ಒಂದು ಬೆಳಗ್ಗೆ ಆರು ಗಂಟೆಗೆ, ಫಾರಂ ಇಲ್ಲದೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಆಕೆ ರೊಟ್ಟಿ ಬಡಿಯುವುದನ್ನು ನೋಡಿದಾಗ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ತಟ್ಟಿ, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ತಿರುವಿ ಹಾಕುತ್ತಾರೆ. ಆಮೇಲೆ ರೊಟ್ಟಿಯನ್ನು ಹಂಚಿನಿಂದ ತೆಗೆದು ಒಲೆಯ ಬಾಯಲ್ಲಿ, ಕೆಂಡಕ್ಕೆ ಮುಖ ಮಾಡಿ ಒರಗಿಸಿ ನಿಲ್ಲಿಸುತ್ತಾರೆ. ಅಲ್ಲಿ ಅದು ಉಬ್ಬುತ್ತದೆ. ನಮ್ಮ ಒಲೆಯ ಬಾಯಿ ಸಣ್ಣದು. ಗಾಳಿ ಹೆಚ್ಚು ಹೋಗಬಾರದು, ಸೌದೆ ಉಳಿಯಬೇಕು ಎಂದೇ ಹಾಗೆ ಮಾಡಿದ್ದು. ರೊಟ್ಟಿ ನಿಲ್ಲಿಸಲು ಅಲ್ಲಿ ಜಾಗವೇ ಇಲ್ಲ. "ಉಬ್ಬಂಗಿಲ್ರಿ ಅಕ್ಕೋರ, ಗಂಡಸ್ರು ಹೊಲಕ್ಕ ಒಯ್ಯೂದ್ರಾಗ ಬಿರುಸಾಗ್ತಾವ" ಎಂದು ಆಕೆ ಕೆಲಸ ನಿಲ್ಲಿಸದೆ ಹೇಳಿದರು. ಮತ್ತೊಂದು ಮಾತೂ ಬಂತು. ಹೊಗೆ ಕೊಳವೆಗೆಂದು ನಾವು ಮಣ್ಣಿನ ಮಾಳಿಗೆಗೆ ತೂತು ಹೊಡೆಸಿದ್ದೆವು. ಮೊದಲ ಮಳೆಗೇ ಅಲ್ಲಿಂದ ನೀರು ಸೋರಿ ಜೋಳದ ಚೀಲ ತೊಯ್ದಿತ್ತು.

ನಾನು ಕುಣಿಗಲ್ ಕಡೆಯವಳು, ಮುದ್ದೆ ಉಂಡು ಬೆಳೆದವಳು. ನಮ್ಮ ತಾಲ್ಲೂಕಿನ ಉಂಗ್ರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದ, ಅಂದರೆ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುತ್ತಿದ್ದ ತಂಡದ, ಗ್ರಾಮ ಕೇಂದ್ರವಿತ್ತು. 1974ರಲ್ಲಿ ಶುರುವಾದ ಆ ತಂಡ ರೂಪಿಸಿದ, ಸೌದೆ ಉಳಿಸುವ ಅಸ್ತ್ರ ಒಲೆಯ ಹೆಸರು ಕೇಳುತ್ತಲೇ ದೊಡ್ಡವಳಾದೆ. ಮುದ್ದೆಗೆ, ಅನ್ನಕ್ಕೆ, ಸಾರಿಗೆ ಆಳದ ಪಾತ್ರೆಗಳು ಬೇಕು. ಅವು ಕುಳಿಯಲ್ಲಿ ಕೂತರೆ ಸಾಕು, ಬೆಂಕಿಯ ಮುಖ ಕಾಣಬೇಕಿಲ್ಲ. ಒಲೆ ಅಂದರೆ ನನ್ನ ತಲೆಯಲ್ಲಿದ್ದದ್ದು ಆ ಚಿತ್ರ. ಅದನ್ನೇ ನಾನು ರೊಟ್ಟಿಯ ಸೀಮೆಗೆ ಹೊತ್ತುಕೊಂಡು ಹೋದೆ. ಒಂದೇ ರಾಜ್ಯ, ಒಂದೇ ಭಾಷೆ, ಮತ್ತೇನು ವ್ಯತ್ಯಾಸ ಅಂದುಕೊಂಡಿದ್ದೆ.

ಹೊಗೆಯ ವಿಷಯ ಸಣ್ಣದಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದಕ್ಕೇ ಒಲೆ ಬಳಕೆಯಾಗುತ್ತಿದೆಯೇ ಎಂಬುದು ಮುಖ್ಯ, ಎಷ್ಟು ಒಲೆ ಕಟ್ಟಿಸಿದೆವು ಎಂಬುದಲ್ಲ. ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ರೇಮಾ ಹನ್ನಾ, ಮೈಕೆಲ್ ಗ್ರೀನ್‌ಸ್ಟೋನ್ ಇಂಥದೇ ಒಲೆ ಕೊಟ್ಟ ಮನೆಗಳನ್ನು ನಾಲ್ಕು ವರ್ಷದವರೆಗೆ ಗಮನಿಸಿದರು. ಮೊದಲ ವರ್ಷ ಒಳಗೆ ಹೋಗುವ ಹೊಗೆ ಕಡಿಮೆಯಾಯಿತು, ಆಮೇಲೆ ಆ ಲಾಭ ಉಳಿಯಲಿಲ್ಲ. ಜನ ಒಲೆಯನ್ನು ದಿನಾ ಹಚ್ಚಲಿಲ್ಲ, ದುರಸ್ತಿ ಮಾಡಿಸಲಿಲ್ಲ. ಅದನ್ನು ಓದಿದಾಗ ನನಗೆ ಕಂಡದ್ದು ಆ ಉಳ್ಳಾಗಡ್ಡಿ ಬುಟ್ಟಿ.

ಶುರುವಿನಲ್ಲಿ ನಾವು ಊರಿನ ಅಭಿಪ್ರಾಯ ಕೇಳಿರಲಿಲ್ಲ ಎಂದಲ್ಲ. ಗುಡಿ ಕಟ್ಟೆಯ ಮೇಲೆ ಸಭೆ ಕರೆದಿದ್ದೆವು. ಕಟ್ಟೆಯ ಮೇಲೆ ಕೂತವರು ಗಂಡಸರು. ಹೆಂಗಸರು ಸೆರಗು ಹೊದ್ದು ದೂರ ನಿಂತಿದ್ದರು. ಒಲೆ ಬೇಕು ಎಂದು ಕೈ ಎತ್ತಿದವರಲ್ಲಿ ಒಬ್ಬರೂ ರೊಟ್ಟಿ ಬಡಿಯುವವರಲ್ಲ.

ಈಗ ಫಾರಂನಿಂದ "ಹೇಗಿದೆ" ಎಂಬ ಪ್ರಶ್ನೆ ತೆಗೆದಿದ್ದೇವೆ. "ನಿನ್ನಿ ರೊಟ್ಟಿ ಯಾವ ಒಲಿ ಮ್ಯಾಲೆ ಮಾಡಿದ್ರಿ?" ಎಂದು ಕೇಳುತ್ತೇವೆ. ಇದಕ್ಕೆ ಮರ್ಯಾದೆಯ ಉತ್ತರ ಕೊಡಬೇಕಿಲ್ಲ, ನಿನ್ನೆಯದನ್ನು ನೆನಪಿಸಿಕೊಂಡರೆ ಆಯಿತು. ಗ್ಯಾಸ್ ಇರುವ ಮನೆಗಳಲ್ಲೂ ಇದೇ ಪ್ರಶ್ನೆಯಿಂದ ತಿಳಿಯಿತು: ಚಹಾ, ಅನ್ನ ಸಿಲಿಂಡರ್ ಮೇಲೆ, ರೊಟ್ಟಿ ಮಾತ್ರ ತೊಗರಿ ಕಟ್ಟಿಗೆಯ ಬೆಂಕಿಯಲ್ಲೇ.

ಒಲೆಯನ್ನು ಮತ್ತೆ ಕಟ್ಟಿದ್ದು ಆಕೆ ಮತ್ತು ಊರಿನ ಗೌಂಡಿ. ಬಾಯಿ ಅಗಲ ಮಾಡಿದರು, ಹಂಚಿಗೆ ಒಂದೇ ಕುಳಿ ಬಿಟ್ಟರು, ಮಾಳಿಗೆಯ ತೂತು ಮುಚ್ಚಿ ಕೊಳವೆಯನ್ನು ಗೋಡೆಯಿಂದ ಹೊರಗೆ ತಂದರು. ಸೌದೆ ಮೊದಲಿನ ವಿನ್ಯಾಸದಷ್ಟು ಉಳಿಯುವುದಿಲ್ಲ, ಬಾಯಿಂದ ಸ್ವಲ್ಪ ಹೊಗೆಯೂ ಬರುತ್ತದೆ. ಆದರೆ ಆ ಒಲೆ ದಿನಾ ಉರಿಯುತ್ತದೆ.

ದುಡ್ಡು ಕಳಿಸಿದವರು ಅಮೆರಿಕದಲ್ಲಿರುವ ಕೆಲವು ಕನ್ನಡ ಕುಟುಂಬಗಳು. ಮೊದಲ ವರದಿ ತಪ್ಪಾಗಿತ್ತು, ಬಹಳಷ್ಟು ಒಲೆಗಳು ಉರಿಯುತ್ತಿಲ್ಲ ಎಂದು ಅವರಿಗೆ ಬರೆಯಲು ನನಗೆ ಎರಡು ವಾರ ಹಿಡಿಯಿತು. ಕೋಪ ಬರುತ್ತದೆ ಅಂದುಕೊಂಡಿದ್ದೆ. ಬಂದ ಉತ್ತರದಲ್ಲಿ ಒಬ್ಬ ಹಿರಿಯರು, ಮೂಲತಃ ಸುರಪುರದ ಕಡೆಯವರು, ಕೇಳಿದ್ದು ಒಂದೇ ಮಾತು: "ಕಟ್ಟೂಕಿಂತ ಮೊದ್ಲ ನಮ್ಮವ್ವನಂಥವ್ರನ್ನ ಯಾರೂ ಕೇಳ್ಲಿಲ್ಲೇನ್ರಿ?"

ಇಲ್ಲ ಎಂದು ಬರೆದೆ. ಮುಂದಿನ ಕಂತು ಕಳಿಸಿದ್ದಾರೆ. ಜುಲೈನಲ್ಲಿ ಮತ್ತೆ ಹೋಗುತ್ತಿದ್ದೇನೆ, ಗೋಡೆಯ ಕೊಳವೆ ಮಳೆಗೆ ತಡೆದಿದೆಯೇ ನೋಡಬೇಕು.